ದಾರವನ್ನೇ ತಿಂದ ಗ್ರಂಥಿ

1940ರ ಮಾರ್ಚ್ 6. ನ್ಯೂಯಾರ್ಕಿನ ಕೊಲಂಬಿಯಾ ಪ್ರೆಸ್ಬಿಟೇರಿಯನ್ ಆಸ್ಪತ್ರೆ. ಮೇಜಿನ ಮೇಲೆ ಒಬ್ಬ ಹೆಂಗಸು, ಸುತ್ತ ನೋಡಲೆಂದು ಬಂದ ಸರ್ಜನರು, ಕತ್ತಿ ಹಿಡಿದವರು ಡಾ. ಅಲೆನ್ ವಿಪಲ್. ಕಾಯಿಲೆ ಜಠರದ ಕ್ಯಾನ್ಸರ್ ಎಂದೇ ಎಲ್ಲರ ಎಣಿಕೆ. ಹೊಟ್ಟೆ ತೆರೆದರು. ಜಠರವನ್ನು ನಡುವೆ ಕತ್ತರಿಸಿಯೂ ಆಯಿತು. ಆಗ ಕಣ್ಣಿಗೆ ಬಿತ್ತು: ಗಡ್ಡೆ ಜಠರದಲ್ಲಿಲ್ಲ! ಅದರ ಹಿಂದೆ, ಮೇದೋಜೀರಕ ಗ್ರಂಥಿಯ ತಲೆಯಲ್ಲಿ ಕೂತಿದೆ.

ಕತ್ತರಿಸಿದ್ದನ್ನು ಕತ್ತರಿಸಿಲ್ಲ ಅನ್ನುವಂತಿಲ್ಲ. ಮುಂದಿರುವುದು ಸರ್ಜನರೆಲ್ಲ ಹೆದರುವ ಜಾಗ.

ಹೆದರದೆ ಏನು ಮಾಡಿಯಾರು? ಈ ಗ್ರಂಥಿ ಗೇಣುದ್ದವೂ ಇಲ್ಲ, ಮುಟ್ಟಿದರೆ ಬೆಣ್ಣೆಯಷ್ಟು ಮೆದು. ಆದರೆ ಅದು ಸುರಿಸುವ ರಸ ಮಾಂಸವನ್ನೇ ಕರಗಿಸಬಲ್ಲದು. ದೇಹ ಅದಕ್ಕೊಂದು ಬೀಗ ಹಾಕಿಟ್ಟಿದೆ: ಆ ರಸದ ಟ್ರಿಪ್ಸಿನ್ ಎಂಬ ಕಿಣ್ವ ನಿದ್ದೆಯ ರೂಪದಲ್ಲೇ ಹೊರಟು, ಸಣ್ಣ ಕರುಳಿಗೆ ಬಿದ್ದ ಮೇಲೆ ಎಚ್ಚರಗೊಳ್ಳಬೇಕು. ಪಿತ್ತದ ಕಲ್ಲೋ ಕುಡಿತವೋ ಆ ಬೀಗ ಮುರಿದರೆ ಗ್ರಂಥಿ ತನ್ನನ್ನು ತಾನೇ ಜೀರ್ಣಿಸಿಕೊಳ್ಳತೊಡಗುತ್ತದೆ. ಅದೇ ಪ್ಯಾಂಕ್ರಿಯಾಟೈಟಿಸ್. ಬೆನ್ನಿಗೆ ಇರಿದಂತೆ ಹಾಯುವ ಆ ನೋವಿಗೆ ಗಟ್ಟಿ ಆಳುಗಳೂ ಮಂಡಿಯನ್ನು ಎದೆಗೆ ಹಚ್ಚಿ ಮುದುಡುತ್ತಾರೆ.

ಆ ರಸದ ರುಚಿ ವಿಪಲ್ಲರಿಗೆ ಆಗಲೇ ಗೊತ್ತಿತ್ತು. ಕೆಲವು ವರ್ಷ ಹಿಂದೆ ಅವರು ಈ ಭಾಗದಲ್ಲಿ ಕೈಯಿಟ್ಟ ಮೊದಲ ರೋಗಿ ಒಂದೂವರೆ ದಿನವೂ ಉಳಿಯಲಿಲ್ಲ. ಹೊಲಿಗೆ ಹಾಕಿದ್ದು ಕ್ಯಾಟ್‌ಗಟ್‌ನಲ್ಲಿ, ಅಂದರೆ ಪ್ರಾಣಿಯ ಕರುಳಿನಿಂದ ಮಾಡಿದ ದಾರದಲ್ಲಿ. ಗ್ರಂಥಿಗೆ ಅದೂ ಒಂದು ತುತ್ತು! ದಾರ ಕರಗಿತು, ಜೋಡಣೆ ಬಿಚ್ಚಿಕೊಂಡಿತು. ಮುಂದಿನ ರೋಗಿಗೆ ವಿಪಲ್ ರೇಷ್ಮೆ ದಾರ ಹಿಡಿದರು. ಹೊಲಿಗೆ ನಿಂತಿತು, ರೋಗಿ ಮೇಜಿನಿಂದ ಎದ್ದ.

ಆಗೆಲ್ಲ ಎರಡು ಕಂತಿನ ಯುದ್ಧ. ತಲೆಭಾಗದ ಗಡ್ಡೆ ಪಿತ್ತನಾಳವನ್ನು ಹಿಸುಕುತ್ತದೆ, ರೋಗಿ ಅರಿಶಿನದಂತೆ ಹಳದಿಯಾಗುತ್ತಾನೆ. ಪಿತ್ತ ಕರುಳಿಗಿಳಿಯದಿದ್ದರೆ ವಿಟಮಿನ್ ಕೆ ಹೀರಿಕೆಯಾಗದು, ಅದಿಲ್ಲದೆ ರಕ್ತ ಹೆಪ್ಪುಗಟ್ಟದು. ಹಾಗಾಗಿ ಮೊದಲು ಪಿತ್ತಕ್ಕೆ ಬೇರೆ ದಾರಿ, ವಾರಗಟ್ಟಲೆ ಕಾಯುವುದು, ಆಮೇಲೆ ಗಡ್ಡೆ.

ಈ ಹೆಂಗಸಿಗೆ ಕಾಮಾಲೆ ಇರಲಿಲ್ಲ. ರಕ್ತ ನಿಲ್ಲುತ್ತದೆ. ಜಠರ ಹೇಗೂ ತುಂಡಾಗಿದೆ. ಸರಿ, ಒಂದೇ ಏಟಿಗೆ!

ಈ ಶಸ್ತ್ರಕ್ರಿಯೆಯಲ್ಲಿ ಮೈ ಜುಮ್ಮೆನ್ನುವ ಗಳಿಗೆಯೊಂದಿದೆ. ಗ್ರಂಥಿಯ ಕುತ್ತಿಗೆಯ ಬೆನ್ನಿಗೇ ಅಂಟಿದಂತೆ ಯಕೃತ್ತಿಗೆ ಹೋಗುವ ಹೆಬ್ಬೆರಳ ಗಾತ್ರದ ಪೋರ್ಟಲ್ ರಕ್ತನಾಳ. ಎರಡರ ನಡುವೆ ಕಣ್ಣಿಗೆ ಕಾಣದ ಕಡೆ ದಾರಿ ಬಿಡಿಸಬೇಕು. ಒಂದು ಕೂದಲೆಳೆ ಹರಿದರೂ ಹೊಟ್ಟೆ ರಕ್ತದಲ್ಲಿ ಮುಳುಗುತ್ತದೆ. ಅದನ್ನು ದಾಟಿ ಗ್ರಂಥಿಯ ತಲೆ, ಅದನ್ನು ತಬ್ಬಿಕೊಂಡ ಡ್ಯುವೋಡಿನಂ (ಸಣ್ಣ ಕರುಳಿನ ಮೊದಲ ಭಾಗ) ಪೂರ್ತಿ, ಜಠರದ ಕೆಳಭಾಗ, ಪಿತ್ತನಾಳದ ತುದಿ, ಎಲ್ಲವನ್ನೂ ಒಟ್ಟಿಗೆ ಎತ್ತಿ ತೆಗೆಯಬೇಕು. ಮತ್ತೆ ಜಠರವನ್ನೂ ಪಿತ್ತನಾಳವನ್ನೂ ಕರುಳಿಗೆ ಹೊಲಿಯಬೇಕು. ಆಗಿನ್ನೂ ಪೆನಿಸಿಲಿನ್ ಆಸ್ಪತ್ರೆಗಳಿಗೆ ಬಂದಿರಲಿಲ್ಲ ಎಂಬುದು ನೆನಪಿರಲಿ.

ಹೆಂಗಸು ಬದುಕಿದಳು.

ಮೊದಲಿಗರು ವಿಪಲ್ ಅಲ್ಲ. ಬರ್ಲಿನ್ನಿನ ವಾಲ್ಟರ್ ಕೌಶ್ 1909ರಲ್ಲೇ ಎರಡು ಹಂತದಲ್ಲಿ ಗೆದ್ದಿದ್ದರು. ಆದರೂ ನಮ್ಮ ಆಸ್ಪತ್ರೆಗಳಲ್ಲಿ ಇಂದಿಗೂ ಡಾಕ್ಟರ ಬಾಯಲ್ಲಿ ಬರುವುದು 'ವಿಪಲ್ಸ್' ಎಂದೇ. ಕೌಶ್‌ಗೆ ಅನ್ಯಾಯವಾಯಿತೆಂದೇ ನನ್ನ ತಕರಾರು. ಹೆಸರು ಬಂದರೂ ಭಯ ಹೋಗಲಿಲ್ಲ. 1970ರ ದಶಕದವರೆಗೂ ಹೆಚ್ಚುಕಡಿಮೆ ನಾಲ್ವರಲ್ಲೊಬ್ಬರು ಆಸ್ಪತ್ರೆಯಲ್ಲೇ ಸಾಯುತ್ತಿದ್ದರು, ಇದನ್ನು ಕೈಬಿಡುವುದೇ ಲೇಸೆಂದು ವಾದಿಸಿದ ಸರ್ಜನರೂ ಇದ್ದರು. ಇಂದು ನುರಿತ ಕೇಂದ್ರಗಳಲ್ಲಿ ಆ ಸಾವು ನೂರಕ್ಕೆ ಎರಡು–ಮೂರಕ್ಕೆ ಇಳಿದಿದೆ.

ಆ ಹೆಂಗಸಿನ ಗಡ್ಡೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಅದು ತಿಂಗಳುಗಳಲ್ಲಿ ಕೊಲ್ಲುವ ಸಾಮಾನ್ಯ ಮೇದೋಜೀರಕ ಕ್ಯಾನ್ಸರ್ ಆಗಿರಲಿಲ್ಲ. ಹಾರ್ಮೋನು ತಯಾರಿಸುವ ದ್ವೀಪಕೋಶಗಳಲ್ಲಿ ಹುಟ್ಟಿದ, ನಿಧಾನವಾಗಿ ಬೆಳೆಯುವ ಜಾತಿ. ಯಕೃತ್ತಿಗೆ ಹಬ್ಬಿ ಅದು ಅವಳನ್ನು ಕೊಂಡೊಯ್ಯುವ ಹೊತ್ತಿಗೆ ಒಂಬತ್ತು ವರ್ಷ ಕಳೆದಿತ್ತು.