ಅರ್ಧ ಮಿಲಿಮೀಟರಿನ ಅಂತರದಲ್ಲಿ ಜೀವ

ಜನವರಿ ಕಳೆಯಿತು. ಫೆಬ್ರವರಿಯೂ ಕಳೆಯಿತು. ಆಕಾಶ ಒಂದೆರಡು ಸಲ ಹನಿದು ಸುಮ್ಮನಾಯಿತು. ಇದು 1977. ಈಕ್ವೆಡಾರ್ ಕರಾವಳಿಯಿಂದ ಸುಮಾರು ಸಾವಿರ ಕಿಲೋಮೀಟರ್ ಪಶ್ಚಿಮಕ್ಕೆ, ಶಾಂತಸಾಗರದ ನಡುವೆ ಗಲಾಪಗೋಸ್ ದ್ವೀಪಗಳಿವೆ. ಅವುಗಳಲ್ಲಿ ಡಾಫ್ನೆ ಮೇಜರ್ ಎಂಬ ಬೋಳುಗುಡ್ಡದ ಮೇಲೆ ಸುಮಾರು 1,200 ಹಕ್ಕಿಗಳು ಮಳೆಗೆ ಕಾಯುತ್ತಿವೆ. ಗುಬ್ಬಚ್ಚಿಯಷ್ಟೇ ಗಾತ್ರದ, ನೆಲದಲ್ಲಿ ಬೀಜ ಹೆಕ್ಕಿ ಬದುಕುವ ಮಧ್ಯಮ ಗಾತ್ರದ ಫಿಂಚ್‌ಗಳು. ಮಳೆ ಬಂದರೆ ಹುಲ್ಲು, ಹುಲ್ಲು ಬಂದರೆ ಹುಳ, ಹುಳ ಸಿಕ್ಕರೆ ಮರಿ. ಈ ವರ್ಷ ಗೂಡಿನ ಮಾತೇ ಇಲ್ಲ. ಇರುವ ಜೀವ ಉಳಿದರೆ ಸಾಕು.

ದ್ವೀಪವೆಂದರೆ ತೆಂಗು, ಮರಳು, ತಂಪುಗಾಳಿ ಎಂದುಕೊಳ್ಳಬೇಡಿ. ಇದು ಆರಿಹೋದ ಜ್ವಾಲಾಮುಖಿಯ ಬಾಯಿ. ಎತ್ತರ ಸುಮಾರು 120 ಮೀಟರ್, ವಿಸ್ತೀರ್ಣ ಒಂದು ಚದರ ಕಿಲೋಮೀಟರಿನ ಮೂರನೇ ಒಂದು ಭಾಗ. ಕುಡಿಯುವ ನೀರಿನ ಸೆಲೆಯಿಲ್ಲ, ದೋಣಿ ಕಟ್ಟಲು ದಂಡೆಯಿಲ್ಲ. ಅಲೆ ದೋಣಿಯನ್ನು ಮೇಲಕ್ಕೆತ್ತಿದ ಕ್ಷಣ ನೋಡಿ, ಚಾಚಿಕೊಂಡ ಬಂಡೆಯ ತುದಿಗೆ ಹಾರಬೇಕು. ತಡಮಾಡಿದರೆ ಅಲೆ ಇಳಿಯುತ್ತದೆ, ಕಾಲು ತಪ್ಪಿದರೆ ಕೆಳಗೆ ಕಡಲು. ನೀರಿನ ಕ್ಯಾನು, ಅಕ್ಕಿ, ಡೇರೆ, ಎಲ್ಲವನ್ನೂ ಕೈಯಿಂದ ಕೈಗೆ ದಾಟಿಸಿ ಕಡಿದಾದ ಬಂಡೆ ಹತ್ತಿಸಬೇಕು.

1973ರಿಂದ ಜೀವವಿಜ್ಞಾನಿಗಳಾದ ಪೀಟರ್ ಗ್ರಾಂಟ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ ತಮ್ಮ ತಂಡದೊಂದಿಗೆ ಹೀಗೇ ಹಾರಿ, ಹೀಗೇ ಹತ್ತಿ ಇಲ್ಲಿಗೆ ಬರುತ್ತಿದ್ದರು. ಬಲೆ ಕಟ್ಟಿ ಹಕ್ಕಿ ಹಿಡಿಯುವುದು, ಕಾಲಿಗೆ ಬಣ್ಣದ ಉಂಗುರ ತೊಡಿಸುವುದು, ಕೊಕ್ಕಿನ ಉದ್ದ, ಅಗಲ, ಆಳ ಅಳೆದು ಪುಸ್ತಕದಲ್ಲಿ ಬರೆದು ಬಿಟ್ಟುಬಿಡುವುದು. ಯಾರು ಯಾರ ಮಗ, ಯಾರು ಯಾರ ಜೋಡಿ, ಎಲ್ಲಕ್ಕೂ ಲೆಕ್ಕವಿತ್ತು. ಬರ ಬಂದ ವರ್ಷ ಆ ಲೆಕ್ಕ ಸಾವಿನ ಲೆಕ್ಕವಾಯಿತು.

ಮೊದಲು ಖಾಲಿಯಾದದ್ದು ಸಣ್ಣ ಬೀಜ. ಹುಲ್ಲಿನದು, ನೆಲಕ್ಕೆ ಹರಡಿದ ಎಳೆ ಗಿಡಗಳದು. ಅವು ಎಲ್ಲರ ಕೊಕ್ಕಿಗೂ ಸಿಗುವ ಸುಲಭದ ಊಟ. ಇಡೀ ವರ್ಷ ಬಿದ್ದ ಮಳೆ ಸುಮಾರು 24 ಮಿಲಿಮೀಟರ್. ಹಿಂದಿನ ವರ್ಷದ ಐದನೇ ಒಂದು ಪಾಲೂ ಅಲ್ಲ. ಹೊಸ ಬೀಜ ಹುಟ್ಟಲಿಲ್ಲ, ಹಳೆಯದು ಮುಗಿಯುತ್ತಾ ಬಂತು. ಹಕ್ಕಿಗಳು ಬೂದಿಬಣ್ಣದ ಮಣ್ಣು ಕೆದಕಿದವು, ಕಲ್ಲು ತಳ್ಳಿ ಅಡಿಯಲ್ಲಿ ಇಣುಕಿದವು. ಹಸಿವು ಹೆಚ್ಚಿದಂತೆ ಸಣ್ಣ ಕೊಕ್ಕಿನವು ಹಾಲು ಸುರಿಸುವ ಒಂದು ಜಾತಿಯ ಗಿಡಕ್ಕೆ ಮುಗಿಬಿದ್ದವು. ಅದರ ಅಂಟುಹಾಲು ನೆತ್ತಿಯ ಗರಿಗೆ ಮೆತ್ತಿಕೊಂಡಿತು. ಅದನ್ನು ಬಿಡಿಸಲು ಅವು ತಲೆಯನ್ನು ನೆಲಕ್ಕೆ ಉಜ್ಜಿದವು, ಗರಿಯೇ ಉದುರಿತು, ಬೋಳುನೆತ್ತಿಗೆ ಸಮಭಾಜಕದ ಬಿಸಿಲು ನೇರ ಬಡಿಯಿತು. ಒಂದು ಊಟಕ್ಕಾಗಿ ತೆತ್ತ ಇಂಥ ಬೆಲೆಯನ್ನು ನೆನೆದರೆ ಎದೆ ಹಿಂಡುತ್ತದೆ.

ನೆಲದ ಮೇಲೆ ಇನ್ನೂ ಒಂದು ಆಹಾರ ಉಳಿದಿತ್ತು: ನೆಗ್ಗಿಲು. ಹೊಲದ ಬದುವಿನಲ್ಲಿ ಬರಿಗಾಲಲ್ಲಿ ನಡೆದ ಯಾರಿಗೂ ನೆಗ್ಗಿಲು ಮುಳ್ಳಿನ ಪರಿಚಯ ಹೇಳಬೇಕಾಗಿಲ್ಲ. ನಮ್ಮ ನೆಗ್ಗಿಲಿನ ಹತ್ತಿರದ ಬಂಧು ಡಾಫ್ನೆಯಲ್ಲೂ ಬೆಳೆಯುತ್ತದೆ. ಒಣಗಿದ ಕಾಯಿ ಹೋಳುಹೋಳಾಗಿ ಒಡೆದು ಬೀಳುತ್ತದೆ. ಪ್ರತಿ ಹೋಳಿಗೂ ಸೂಜಿಯಂಥ ಮುಳ್ಳು, ಗಟ್ಟಿ ಕವಚ. ಬೀಜ ಇರುವುದು ಆ ಕವಚದ ಒಳಗೆ. ಮಳೆ ಇದ್ದ ವರ್ಷಗಳಲ್ಲಿ ಹೆಚ್ಚಿನ ಫಿಂಚ್‌ಗಳು ಇದರ ಗೊಡವೆಗೆ ಹೋಗುತ್ತಿರಲಿಲ್ಲ. ಈಗ ಬೇರೆ ದಾರಿಯಿಲ್ಲ.

ಒಂದು ಗಂಡುಹಕ್ಕಿ ಹೋಳನ್ನು ಕೊಕ್ಕಿನಲ್ಲಿ ಎತ್ತುತ್ತದೆ. ತುದಿಯಲ್ಲಲ್ಲ, ಕೊಕ್ಕಿನ ಬುಡದಲ್ಲಿ, ಬಲ ಹೆಚ್ಚಿರುವ ಕಡೆ ಕಚ್ಚುತ್ತದೆ. ಹೋಳನ್ನು ಕಲ್ಲಿಗೆ ಒತ್ತಿಹಿಡಿದು ಕತ್ತು ತಿರುಚುತ್ತದೆ. ಜಾರಿತು. ಮತ್ತೆ ಎತ್ತಿತು. ಮತ್ತೆ ತಿರುಚಿತು. ಕವಚದ ಒಂದು ಬದಿ ಚಟ್ಟನೆ ಸಿಡಿಯಿತು, ಒಳಗಿನ ಬೀಜ ಗಂಟಲಿಗಿಳಿಯಿತು. ಪಕ್ಕದಲ್ಲೇ ಇನ್ನೊಂದು ಹಕ್ಕಿ ಅದೇ ಕಸರತ್ತು ಮಾಡುತ್ತದೆ. ಕೊಕ್ಕು ಒಂದು ಕೂದಲೆಳೆ ಸಣ್ಣದು. ಕವಚ ಒಡೆಯುವುದಿಲ್ಲ. ಬಿಸಾಕಿ ಮುಂದೆ ಹೋಗುತ್ತದೆ, ಇನ್ನೊಂದು ಎತ್ತುತ್ತದೆ, ಅದನ್ನೂ ಬಿಸಾಕುತ್ತದೆ. ಮೈಯಲ್ಲಿ ಉಳಿದ ಕಸುವು ಹುಡುಕಾಟದಲ್ಲೇ ತೀರುತ್ತಿದೆ. ಮೇಲೆ ಗೂಬೆಗಳ ಕಾಟ ಬೇರೆ.

ವರ್ಷ ಮುಗಿಯುವ ಹೊತ್ತಿಗೆ 1,200ರಲ್ಲಿ ಉಳಿದದ್ದು ಸುಮಾರು 180. ಬಂಡೆಯ ಸಂದುಗಳಲ್ಲಿ, ಪೊದೆಯ ಬುಡಗಳಲ್ಲಿ ಒಣಗಿದ ಪುಟ್ಟ ದೇಹಗಳು, ಕಾಲಿನಲ್ಲಿ ಅದೇ ಬಣ್ಣದ ಉಂಗುರಗಳು. ತಂಡದವರು ಉಂಗುರ ನೋಡಿ ಪುಸ್ತಕ ತೆರೆದರು. ಸತ್ತವರು ಯಾರು, ಉಳಿದವರು ಯಾರು? ಹೆಣ್ಣುಗಳು ಹೆಚ್ಚು ಸತ್ತಿದ್ದವು, ಏಕೆಂದರೆ ಅವುಗಳ ಮೈಯೂ ಕೊಕ್ಕೂ ಗಂಡಿಗಿಂತ ತುಸು ಸಣ್ಣದು. ಬದುಕುಳಿದವುಗಳ ಕೊಕ್ಕಿನ ಆಳ, ಅಂದರೆ ಮೇಲಿನಿಂದ ಕೆಳಗಿನವರೆಗಿನ ದಪ್ಪ, ಬರಕ್ಕೆ ಮುಂಚಿನ ಸರಾಸರಿಗಿಂತ ಹೆಚ್ಚಿತ್ತು. ಎಷ್ಟು? ಸುಮಾರು ಅರ್ಧ ಮಿಲಿಮೀಟರ್. ಐದು ಕಾಗದದ ಹಾಳೆ ಜೋಡಿಸಿ ಹಿಡಿದರೆ ಎಷ್ಟು ದಪ್ಪವೋ ಅಷ್ಟು. ಸಾವಿಗೂ ಬದುಕಿಗೂ ನಡುವೆ ನಿಂತ ಗೋಡೆ ಅಷ್ಟೇ ದಪ್ಪವಿತ್ತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು, ಏಕೆಂದರೆ ಶಾಲೆಯಿಂದಲೂ ನಮ್ಮ ತಲೆಯಲ್ಲಿ ಇದು ತಲೆಕೆಳಗಾಗಿ ಕೂತಿದೆ. ಬರದಲ್ಲಿ ಯಾವ ಹಕ್ಕಿಯೂ ತನ್ನ ಕೊಕ್ಕನ್ನು ಬೆಳೆಸಿಕೊಳ್ಳಲಿಲ್ಲ. ಹಸಿದು ಹಸಿದು, ಪ್ರಯತ್ನಿಸಿ ಪ್ರಯತ್ನಿಸಿ ಕೊಕ್ಕು ದಪ್ಪವಾಗುವುದಿಲ್ಲ. ದೊಡ್ಡ ಕೊಕ್ಕು, ಸಣ್ಣ ಕೊಕ್ಕು, ನಡುವಿನದು, ಎಲ್ಲವೂ ಬರಕ್ಕೆ ಮುಂಚೆಯೇ ಆ ಗುಂಪಿನಲ್ಲಿದ್ದವು. ಬರ ಮಾಡಿದ್ದು ಆರಿಸುವ ಕೆಲಸ. ಬದಲಾಗಿದ್ದು ಹಕ್ಕಿಯಲ್ಲ, ಹಿಂಡು. ಆ ವೈವಿಧ್ಯ ಮೊದಲೇ ಇಲ್ಲದೆ ಎಲ್ಲ ಕೊಕ್ಕುಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದಿದ್ದರೆ, ಆ 180 ಕೂಡ ಉಳಿಯುತ್ತಿದ್ದವೋ ಇಲ್ಲವೋ.

1978ರಲ್ಲಿ ಮಳೆ ಬಂತು. ಬೂದಿಗುಡ್ಡ ಹಸಿರಾಯಿತು, ಬದುಕುಳಿದವು ಹಾಡಿದವು, ಗೂಡು ಕಟ್ಟಿದವು. ಹೆಣ್ಣು ಕಡಿಮೆ, ಗಂಡು ಹೆಚ್ಚು. ಎಷ್ಟೋ ಗಂಡುಗಳಿಗೆ ಜೋಡಿಯೇ ಸಿಗಲಿಲ್ಲ. ಆ ವರ್ಷದ ಮರಿಗಳು ಬೆಳೆದ ಮೇಲೆ ಅಳೆದು ನೋಡಿದರೆ, ಅವುಗಳ ಕೊಕ್ಕು ಬರಕ್ಕೆ ಮುಂಚಿನ ಪೀಳಿಗೆಗಿಂತ ಶೇಕಡಾ 4ರಷ್ಟು ದೊಡ್ಡದು. ತಂದೆತಾಯಿಯ ಕೊಕ್ಕು ಮಕ್ಕಳಿಗೆ ದಾಟಿತ್ತು. 1835ರಲ್ಲಿ ಐದು ವಾರ ಇದೇ ದ್ವೀಪಗಳಲ್ಲಿ ಅಲೆದ ಚಾರ್ಲ್ಸ್ ಡಾರ್ವಿನ್, ಇಂಥ ಬದಲಾವಣೆ ಯುಗಯುಗಗಳ ನಿಧಾನದ ಕೆಲಸ, ಮನುಷ್ಯನ ಕಣ್ಣಿಗೆ ಬೀಳುವಂಥದ್ದಲ್ಲ ಎಂದೇ ನಂಬಿದ್ದ. ಅದು ಇಲ್ಲಿ ಒಂದೇ ಪೀಳಿಗೆಯಲ್ಲಿ, ಅಳತೆಪಟ್ಟಿಯ ಮೇಲೆ ಕಂಡಿತು.

ದೊಡ್ಡ ಕೊಕ್ಕೇ ಗೆದ್ದಿತು ಎಂದು ನೀವು ತೀರ್ಮಾನಿಸುವಷ್ಟರಲ್ಲಿ ಕಥೆ ತಿರುಗಿಬೀಳುತ್ತದೆ. 1982ರ ಕೊನೆಗೆ ಎಲ್ ನಿನೊ, ಅಂದರೆ ಕಡಲು ಬಿಸಿಯೇರಿ ಇಲ್ಲಿಗೆ ಭಾರಿ ಮಳೆ ತರುವ ವಿದ್ಯಮಾನ, ಅಪ್ಪಳಿಸಿತು. 24 ಮಿಲಿಮೀಟರ್ ಕಂಡಿದ್ದ ದ್ವೀಪದ ಮೇಲೆ ಈಗ 1,300 ಮಿಲಿಮೀಟರಿಗೂ ಹೆಚ್ಚು ಮಳೆ! ಬಳ್ಳಿಗಳು ಬಂಡೆ ಮುಚ್ಚಿದವು, ನೆಗ್ಗಿಲು ಅವುಗಳಡಿ ಉಸಿರುಗಟ್ಟಿತು, ಸಣ್ಣ ಬೀಜ ರಾಶಿರಾಶಿ. ಆಮೇಲೆ ಮತ್ತೆ ಒಣಹವೆ ಬಂದಾಗ ನೆಲದಲ್ಲಿ ಉಳಿದಿದ್ದು ಬಹುಪಾಲು ಸಣ್ಣ ಬೀಜವೇ. ದೊಡ್ಡ ಮೈ, ದೊಡ್ಡ ಕೊಕ್ಕಿನವಕ್ಕೆ ಅದರಿಂದ ಹೊಟ್ಟೆ ತುಂಬಲಿಲ್ಲ. ಈ ಸಲ ಸತ್ತವು ಅವೇ. ಸಣ್ಣ ಕೊಕ್ಕಿನವು ಬದುಕಿದವು. ಮೊದಲ ಬರದಲ್ಲಿ ಬಲಕ್ಕೆ ವಾಲಿದ ಅಳತೆಪಟ್ಟಿ ಈಗ ಎಡಕ್ಕೆ ವಾಲಿತು. ನನಗೆ ಈ ಎರಡನೇ ಅಧ್ಯಾಯವೇ ಮೊದಲನೆಯದಕ್ಕಿಂತ ದೊಡ್ಡದಾಗಿ ಕಾಣುತ್ತದೆ: ವಿಕಾಸಕ್ಕೆ ಮುಟ್ಟಬೇಕಾದ ಊರು ಎಂಬುದಿಲ್ಲ.

ಅದೇ ಎಲ್ ನಿನೊ ಕಾಲದಲ್ಲಿ ಹೊಸ ಶತ್ರುವೂ ಬಂದಿಳಿದಿತ್ತು. ಇನ್ನೂ ದಪ್ಪ ಕೊಕ್ಕಿನ, ನೆಗ್ಗಿಲನ್ನು ಲೀಲಾಜಾಲವಾಗಿ ಒಡೆಯುವ ದೊಡ್ಡ ನೆಲದ ಫಿಂಚ್‌ನ ಕೆಲವೇ ಹಕ್ಕಿಗಳು ಡಾಫ್ನೆಯಲ್ಲಿ ಗೂಡು ಕಟ್ಟಿದವು, ವರ್ಷಗಳುರುಳಿದಂತೆ ಸಂಖ್ಯೆ ಹೆಚ್ಚಿಸಿಕೊಂಡವು. 2003ರಿಂದ ಮಳೆ ಮತ್ತೆ ಕೈಕೊಟ್ಟಿತು. ಎಲ್ಲರೂ ನೆಗ್ಗಿಲಿನತ್ತ ತಿರುಗಿದರು. 1977ರಲ್ಲಿ ಜೀವ ಉಳಿಸಿದ್ದ ದೊಡ್ಡ ಕೊಕ್ಕೇ ಈಗ ಮಧ್ಯಮ ಫಿಂಚ್‌ಗಳಿಗೆ ಮುಳುವಾಯಿತು, ಏಕೆಂದರೆ ಅದೇ ಕಾಯಿಗೆ ತಮಗಿಂತ ಬಹಳ ಹೆಚ್ಚು ತೂಕದ ಎದುರಾಳಿಗಳು ಮೊದಲೇ ಕೈಯಿಟ್ಟಿದ್ದವು. ದೊಡ್ಡ ಕೊಕ್ಕಿನ ಮಧ್ಯಮ ಫಿಂಚ್‌ಗಳು ಸಾಲುಸಾಲಾಗಿ ಸತ್ತವು. ಆ ಎದುರಾಳಿಗಳೂ ನೆಗ್ಗಿಲು ಮುಗಿದೊಡನೆ ಬಹುಪಾಲು ಸತ್ತವು. ಉಳಿದದ್ದು, ಯಾರಿಗೂ ಬೇಡದ ಸಣ್ಣ ಬೀಜ ಹೆಕ್ಕಿಕೊಂಡಿದ್ದ ಸಣ್ಣ ಕೊಕ್ಕಿನವು.

ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಲೀಫ್ ಆಂಡರ್ಸನ್ ಅವರ ತಂಡ ಗ್ರಾಂಟ್ ದಂಪತಿಯ ಜೊತೆಗೂಡಿ ಈ ಹಕ್ಕಿಗಳ ರಕ್ತದ ಮಾದರಿಗಳನ್ನು ಓದಿತು. ಕೊಕ್ಕಿನ ಗಾತ್ರಕ್ಕೆ ನಂಟಿರುವ ಎಚ್‌ಎಂಜಿಎ2 ಎಂಬ ಜೀನ್ ಅಲ್ಲಿ ಸಿಕ್ಕಿತು. ಅದರಲ್ಲಿ ಎರಡು ನಮೂನೆ, ಒಂದು ದೊಡ್ಡ ಕೊಕ್ಕಿನದು, ಇನ್ನೊಂದು ಸಣ್ಣದರದು. 2016ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಈ ಕೊನೆಯ ಬರ ದಾಟಿ ಬಂದ ಮಧ್ಯಮ ಫಿಂಚ್‌ಗಳಲ್ಲಿ ಹೆಚ್ಚಾಗಿದ್ದದ್ದು ಎರಡನೆಯದು. ಮೊದಲನೆಯದು ಸತ್ತವುಗಳ ಜೊತೆ ಬಹುಪಾಲು ಹೋಗಿತ್ತು, ಪೂರ್ತಿ ಹೋಗಿರಲಿಲ್ಲ.