ಆಗಸ್ಟಿನಲ್ಲಿ ಮಾವಿನ ವಾಸನೆ

ಕೃಷ್ಣರಾಜನಗರದಲ್ಲಿ ಮೈಸೂರಿನ ಬೆಳಗಿನ ರೈಲು ಹತ್ತಿದ್ದೀರಿ. ಸೀಟಿಲ್ಲ, ಬಾಗಿಲ ಬಳಿ ನಿಂತಿದ್ದೀರಿ. ಪಕ್ಕದಲ್ಲಿ ನರ್ಸಿಂಗ್ ಓದುವ ಹುಡುಗಿ, ತೋಳಿನ ಮೇಲೆ ಮಡಿಸಿದ ಬಿಳಿ ಏಪ್ರನ್. ಜೊತೆಗೆ ಅವಳ ಊರಿನವನೇ, ಫಾರ್ಮಸಿ ಓದುವ ಹುಡುಗ. ಡೋರನಹಳ್ಳಿ ದಾಟುವಷ್ಟರಲ್ಲಿ ಮಾವಿನ ಹಣ್ಣಿನ ವಾಸನೆ ಮೂಗಿಗೆ ಬಡಿಯುತ್ತದೆ. ಇದು ಆಗಸ್ಟ್. ಮಾವು ಮುಗಿದು ಎಷ್ಟೋ ದಿನವಾಯಿತು.

ಹುಡುಗನ ಮುಷ್ಟಿಯಲ್ಲಿ ಹೈಲೈಟರ್ ಪೆನ್ನಿನಂಥ ಹಸಿರು ಕಡ್ಡಿ. ಮುಖ ತಗ್ಗಿಸಿ ಎಳೆದರೆ ತುದಿಯಲ್ಲಿ ನೀಲಿ ದೀಪ ಮಿನುಗುತ್ತದೆ. ಬಿಟ್ಟ ಹೊಗೆ ಗಾಳಿಗೆ ತೂರಿ ಹೋಗುತ್ತದೆ.

"ಏನೋ ಇದು, ಮತ್ತೆ ಶುರು ಮಾಡ್ದಾ?"

"ಸಿಗರೇಟಲ್ಲ ಕಣೇ, ಬರೀ ಆವಿ. ಟಾರ್ ಇಲ್ಲ, ಬೂದಿ ಇಲ್ಲ. ಸಿಗರೇಟ್ ಬಿಡೋಕೇ ಇದು."

"ಬಿಟ್ಯಾ?"

ಅವನು ಮಾತಾಡುವುದಿಲ್ಲ. ಜೇಬಿನಲ್ಲಿ ಸಿಗರೇಟ್ ಪ್ಯಾಕೂ ಇದೆ, ನಿಮಗೇ ಕಾಣುತ್ತಿದೆ.

"ನಿಕೋಟಿನ್ ಇದ್ಯೋ ಇಲ್ವೋ, ಅದು ಹೇಳು."

ಕಡ್ಡಿ ತಿರುಗಿಸಿ ತೋರಿಸುತ್ತಾನೆ. ಸಣ್ಣಕ್ಷರದಲ್ಲಿ 5 ಪರ್ಸೆಂಟ್.

ಹುಡುಗಿ ಕೈ ಚಾಚುತ್ತಾಳೆ. ಉಗುರಿನ ಬುಡದಲ್ಲಿ, ಬೆರಳ ಸಂದಿಯಲ್ಲಿ ಸೋಪಿಗೂ ಹೋಗದ ಕಪ್ಪು ಅಂಟು. ನಿನ್ನೆ ಭಾನುವಾರ, ಮನೆಯಲ್ಲಿ ಸೊಪ್ಪು ಹದ ಮಾಡುವ ಬ್ಯಾರನ್ ತುಂಬುವ ಕೆಲಸ. ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿದ್ದಾಳೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಈ ತಿಂಗಳಲ್ಲಿ ಎಷ್ಟೋ ಮನೆಗಳ ಪಾಡು ಇದೇ. ಸೌದೆ ಉರಿಸಿ ಸೊಪ್ಪು ಹದ ಮಾಡಿ, ತಂಬಾಕು ಮಂಡಳಿಯ ಹರಾಜಿಗೆ ಸಾಗಿಸಿದರೇನೇ ಸಾಲ ತೀರುವುದು, ಮಕ್ಕಳ ಫೀಸು ಕಟ್ಟುವುದು.

"ಮಳೇಲಿ ಸೊಪ್ಪು ಮುರಿದು ಬಂದ್ರೆ ನಮ್ಮವ್ವಂಗೆ ರಾತ್ರಿಯೆಲ್ಲ ತಲೆಸುತ್ತು, ವಾಂತಿ. ಹೊಗೆ ಕುಡಿದೋಳಲ್ಲ ಅವಳು. ಒದ್ದೆ ಎಲೆಯಿಂದ ಚರ್ಮಕ್ಕಿಳಿಯೋದು ಇದೇ ನಿಕೋಟಿನ್ ಕಣೋ."

ಅವಳು ಹೇಳಿದ್ದು ನಿಜ. ಟಾರ್ ಇಲ್ಲ ಎಂಬ ಹುಡುಗನ ಮಾತೂ ನಿಜ. ಆದರೆ ಅದು ಆವಿಯಲ್ಲ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್, ಪರಿಮಳ ಬೆರೆತ ದ್ರವವನ್ನು ಬ್ಯಾಟರಿ ಸುರುಳಿ ಕಾಯಿಸಿದಾಗ ಏಳುವ ಸೂಕ್ಷ್ಮ ಹನಿಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಕಾದ ದ್ರವದಲ್ಲಿ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ಫಾರ್ಮಸಿ ಓದುವವನಿಗೆ ಇದನ್ನು ಬೇರೆಯವರು ಹೇಳಿಕೊಡಬೇಕೆ? ನನ್ನನ್ನು ಕಾಡುವುದು ಇದೇ. ನಾಳೆ ಬೀಡಿ ಸೇದಿ ಕೆಮ್ಮುವ ರೈತನಿಗೆ ಬುದ್ಧಿ ಹೇಳಬೇಕಾದವರು ಇವರು. ತಾವೇ ನಂಬದ ಮಾತನ್ನು ರೋಗಿಗೆ ಹೇಳಿದರೆ ಅದು ನಾಟುವುದಿಲ್ಲ.

ಕರ್ನಾಟಕ 2016ರಲ್ಲೇ ಇಂಥ ಇ-ಸಿಗರೇಟ್ ನಿಷೇಧಿಸಿತು. 2019ರ ಮೇ ತಿಂಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಂಪೂರ್ಣ ನಿಷೇಧಕ್ಕೆ ಶಿಫಾರಸು ಮಾಡಿತು, ಅದೇ ವರ್ಷ ಕೇಂದ್ರದ ಕಾಯ್ದೆಯೂ ಬಂತು. ಮಾರಿದವರಿಗೆ ಮೊದಲ ತಪ್ಪಿಗೇ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೂ ಕಡ್ಡಿ ಈ ಹುಡುಗನ ಕೈಗೆ ಬಂದಿದೆ.

ರೈಲು ಸಾಗರಕಟ್ಟೆಯ ಹಿನ್ನೀರಿನ ಸೇತುವೆ ಮೇಲಿದೆ. ಹುಡುಗಿ ಅವನ ಜೇಬಿನ ಸಿಗರೇಟ್ ಪ್ಯಾಕ್ ಕಿತ್ತು ತಿರುಗಿಸುತ್ತಾಳೆ. ರೋಗದ ಚಿತ್ರದ ಜೊತೆ ನಂಬರ್ ಇದೆ: 1800-11-2356. ಕಳ್ಳದಾರಿಯಲ್ಲಿ ಬಂದ ಹಸಿರು ಕಡ್ಡಿಯ ಮೇಲೆ ಅದಿಲ್ಲ. ತಂಬಾಕು ಬಿಡಬೇಕೆನ್ನುವವರಿಗೆ ಆ ನಂಬರಿಗೆ ಉಚಿತ ಕರೆ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ಮನೆಯಲ್ಲೂ ಮೆಡಿಕಲ್, ನರ್ಸಿಂಗ್ ಓದುವ ಮಕ್ಕಳಿದ್ದರೆ ಈ ನಂಬರ್ ಅವರಿಗೆ ಕೊಡಿ.