ನೀರಿಳಿದಾಗ ಕಂಡ ದ್ವೀಪ

ರಜೆ ಬಂತೆಂದರೆ ದೂರದೂರುಗಳ ಕನಸು ಕಾಣುವುದು ಎಲ್ಲರ ಮನೆಯ ಪದ್ಧತಿ. ಕಡಲ ನಡುವಿನ ದ್ವೀಪಗಳಿಗೆ ಹೋಗಿಬಂದವರ ಮಾತು ಕೇಳಿ, 2024ರ ಬೇಸಿಗೆಯಲ್ಲಿ ನಮ್ಮ ಮನೆಯ ಮಕ್ಕಳೂ ದ್ವೀಪವೊಂದನ್ನು ನೋಡಲೇಬೇಕೆಂದು ಹಟ ಹಿಡಿದರು. ಅಷ್ಟು ದೂರ ಹೋಗುವ ಅನುಕೂಲ ನಮಗಿರಲಿಲ್ಲ. ಆದರೆ ಮಳೆಯ ಅಭಾವದಿಂದ ಮೆಟ್ಟೂರಿನ ಜಲಾಶಯ ಬಹಳ ಇಳಿದಿತ್ತು. ದ್ವೀಪವನ್ನು ಇಲ್ಲಿಯೇ ತೋರಿಸುವೆವೆಂದು ಹೇಳಿ, ಬುತ್ತಿ ಕಟ್ಟಿಕೊಂಡು ಹೊರಟೆವು.

ಮೊದಲು ಅಣೆಕಟ್ಟು. ಮೈಸೂರು ಮತ್ತು ಮದರಾಸು ಸರ್ಕಾರಗಳ ನಡುವೆ 1924ರಲ್ಲಿ ಒಪ್ಪಂದವಾದ ಮೇಲೆ, 1925ರಲ್ಲಿ ಕೆಲಸ ಮೊದಲಾಗಿ 1934ರಲ್ಲಿ ಮುಗಿಯಿತು. ಅಂದಿನ ಮದರಾಸಿನ ಗವರ್ನರರ ಹೆಸರಿನಿಂದ ಇದು ಸ್ಟ್ಯಾನ್ಲಿ ಜಲಾಶಯವೆನಿಸಿತು. ಕಟ್ಟೆಯ ಎತ್ತರ 214 ಅಡಿ. ನೀರು ನಿಲ್ಲುವ ಪೂರ್ಣಮಟ್ಟ 120 ಅಡಿ. ಕೆಳಗಿನ ಉದ್ಯಾನದಲ್ಲಿ ಮಕ್ಕಳು ಆಡಿದರು. ಹೆಚ್ಚಿನ ನೀರನ್ನು ಹೊರಬಿಡುವ ಹದಿನಾರು ಕಣ್ಣಿನ ಮದಗನ್ನು ಎಣಿಸಿ ಎಣಿಸಿ ನೋಡಿದರು. ಮುನಿಯಪ್ಪನಿಗೆ ಕೈಮುಗಿದೆವು. ಆಡಿ ಹದಿನೆಂಟರಂದು ಇಲ್ಲಿ ಸ್ನಾನಕ್ಕೆ ಸೇರುವ ಜನಸಂದಣಿಯನ್ನು ನೆನೆದರೆ ಅಂದಿನ ಮೌನ ವಿಚಿತ್ರವೆನಿಸಿತು.

ಅಲ್ಲಿಂದ ಪಣ್ಣವಾಡಿಗೆ ನಡೆದೆವು. ಜಲಾಶಯ ಇಳಿಯತೊಡಗಿದಂತೆ ಇಲ್ಲಿ ಮುಳುಗಿದ ಜಲಕಂಠೇಶ್ವರ ಗುಡಿಯ ದೊಡ್ಡ ನಂದಿ ಮೊದಲು ತಲೆಯನ್ನು, ಅನಂತರ ಮೈಯನ್ನು ತೋರಿಸುತ್ತದೆ. ಹಳೆಯ ಚರ್ಚಿನ ಗೋಪುರವೂ ಹೊರಬರುತ್ತದೆ. "ಇದೇ ನಮ್ಮ ದ್ವೀಪ" ಎಂದೆವು. ಮಕ್ಕಳು ನಕ್ಕರು. ನಮಗೆ ನಗು ಬರಲಿಲ್ಲ. ನಮ್ಮ ಅಜ್ಜಿಯ ತವರು ಈ ನೀರಿನಡಿಯಲ್ಲಿದೆ. ಊರು ಬಿಡುವಾಗ ಅವರಿನ್ನೂ ಹುಡುಗಿ. "ಬಾಗಿಲಿಗೆ ಚಿಲಕ ಹಾಕದೆಯೇ ಬಂದೆವು, ನೀರಿಗೆ ಯಾವ ಚಿಲಕ?" ಎಂದು ಮುದಿವಯಸ್ಸಿನಲ್ಲಿಯೂ ಹೇಳುತ್ತಿದ್ದರು. ಅಂದು ಮನೆಯ ಸಾಮಾನಿನೊಡನೆ ಹೊತ್ತು ತಂದ ಕನ್ನಡ ನಮ್ಮ ಅಡಿಗೆಮನೆಯಲ್ಲಿ ಇಂದಿಗೂ ಉಳಿದಿದೆ. ಮಕ್ಕಳ ಪುಸ್ತಕದಲ್ಲಿ ಉಳಿದಿಲ್ಲ. ಅವರು ಓದುವುದು ತಮಿಳು. ಅದರಲ್ಲಿ ತಪ್ಪೇನೂ ಇಲ್ಲ, ಅನ್ನವಿತ್ತ ನಾಡಿನ ನುಡಿ ಅದು. ಆದರೂ ಅಜ್ಜಿಯ ಮಾತು ನಂದಿಯಂತೆ ಎಂದಾದರೊಮ್ಮೆ ಮಾತ್ರ ಕಾಣುವ ವಸ್ತುವಾಗುವುದೇ ಎಂಬ ಅಳುಕು ನಮ್ಮನ್ನು ಕಾಡಿತು.

ಮರುದಿನ ಪೆನ್ನಾಗರದ ಮಾರ್ಗವಾಗಿ ಹೊಗೇನಕಲ್ಲಿಗೆ ಹೋದೆವು. ನೀರು ಕ್ಷೀಣವಾಗಿತ್ತು. ಆದರೂ ಬಂಡೆಗಳ ನಡುವೆ ಹರಿಗೋಲಿನಲ್ಲಿ ತಿರುತಿರುಗಿ ಸಾಗುವ ಸುಖ ಕಡಿಮೆಯಾಗಿರಲಿಲ್ಲ. ಎಣ್ಣೆ ತಿಕ್ಕಿಸಿಕೊಂಡು ಮಿಂದೆವು. ಹುರಿದ ಮೀನಿನ ಪರಿಮಳಕ್ಕೆ ಮಕ್ಕಳು ಸೋತರು. ದಾರಿಯ ಫಲಕವನ್ನು ನಮ್ಮ ಹಿರಿಯ ಮಗಳು ತಮಿಳಿನಲ್ಲಿ "ಒಗೇನಕ್ಕಲ್" ಎಂದು ಓದಿ, ಹಾಗೆಂದರೇನೆಂದು ಕೇಳಿದಳು. ಹಕಾರವನ್ನು ಸೇರಿಸಿ ಓದೆಂದೆವು. ಅವಳು ಮೆಲ್ಲನೆ, "ಹೊಗೆ... ಕಲ್ಲು" ಎಂದು ಬಿಡಿಸಿ, "ಇದು ನಮ್ಮ ಮನೆಯ ಮಾತಲ್ಲವೇ!" ಎಂದು ಬೆರಗಾದಳು. ಧುಮುಕುವ ನೀರಿನ ತುಂತುರು ಬಂಡೆಯಿಂದೇಳುವ ಹೊಗೆಯಂತೆ ಕಾಣುವುದರಿಂದ ಬಂದ ಹೆಸರಿದು. ಅಂದು ಹೊಗೆ ತೆಳುವಾಗಿದ್ದರೂ ಹೆಸರು ತುಂಬಿ ಹರಿಯಿತು.

ಮನೆಗೆ ಬಂದ ರಾತ್ರಿ ಅವಳು ಆ ಹೆಸರನ್ನು ಕನ್ನಡದಲ್ಲಿ ಬರೆದುಕೊಡಲು ಕೇಳಿದಳು. ಈಗ ಭಾನುವಾರಗಳಂದು ಅರ್ಧ ಗಂಟೆ ಅಕ್ಷರಾಭ್ಯಾಸ ನಡೆಯುತ್ತಿದೆ. ಬೇಸರಿಸಿದ ದಿನ ನಾವು ಬಲವಂತ ಮಾಡುವುದಿಲ್ಲ.

ಆ ವರ್ಷ ಜುಲೈ 30ರಂದು ಜಲಾಶಯ 120 ಅಡಿ ಮುಟ್ಟಿತು. ನಂದಿ ಮತ್ತೆ ಮುಳುಗಿದ. ರೈತರ ಹರ್ಷವೇ ನಮ್ಮ ಹರ್ಷ. ಹೊರಡುವ ಓದುಗರಿಗೆ ಒಂದು ಮಾತು: ನಂದಿಯನ್ನು ನೋಡಬೇಕಾದರೆ ನೀರಿಳಿದ ಕಾಲದಲ್ಲಿ ಹೋಗಬೇಕು, ಹೊಗೆಯನ್ನು ನೋಡಬೇಕಾದರೆ ಮಳೆಗಾಲದ ಬಳಿಕ. ಪ್ರವಾಹವಿರುವಾಗ ಹರಿಗೋಲು ಬಿಡುವುದಿಲ್ಲ. ದಾರಿಯಲ್ಲಿ ಮಕ್ಕಳಿಗೆ ಊರುಗಳ ಹೆಸರನ್ನು ಬಿಡಿಸಿ ಹೇಳುವುದನ್ನು ಮಾತ್ರ ಮರೆಯಬೇಡಿರಿ.